ನಮ್ಮ ಓಣಿಯ ಶಾಲೆ

ಕಂಪ್ಲಿಯಲ್ಲಿ ನಾನು ಅಕ್ಷರ ಕಲಿತ ಶಾಲೆ ಒಂದೇ ಕೋಣೆಯದು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಒಂದು ಜಗಲಿ. ಮಕ್ಕಳು ಹೊಸ ಕಟ್ಟಡಕ್ಕೆ ಹೋದ ಮೇಲೆ ಅದಕ್ಕೆ ಬೀಗ ಬಿದ್ದು ವರ್ಷಗಳಾದವು. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅದನ್ನು ಕೆಡವುವ ಮಾತು ನಡೆದಿತ್ತು. ನಾನು ಬಾಗಿಲ ಮುಂದೆ ಸುಮ್ಮನೆ ನಿಂತದ್ದನ್ನು ಕಂಡು ಓಣಿಯ ಯುವಕನೊಬ್ಬ ಕೇಳಿದ: “ಇದಕ್ಕೇನು ಚರಿತ್ರೆ ಐತ್ರಿ ಮೇಷ್ಟ್ರೇ, ಇದೇನು ಹಂಪಿಯೇನ್ರಿ?” ಆಗ ನನಗೆ ಉತ್ತರ ಹೊಳೆಯಲಿಲ್ಲ. ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಂದು ಕೇಳುಗರಾದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅರಸರು ಕಟ್ಟಿಸಿದ್ದನ್ನು ನೋಡುತ್ತ ಬೆಳೆದ ನಮ್ಮ ಸೀಮೆಯವರ ಕಣ್ಣಿಗೆ ಓಣಿಯ ಕಟ್ಟಡ ಬೀಳುವುದಿಲ್ಲ. ಆದರೆ ಈ ಸೀಮೆಯ ಶಾಲೆಗಳಿಗೆ ಬರೆದಿಟ್ಟ ಚರಿತ್ರೆಯೊಂದುಂಟು. 1800ರಲ್ಲಿ ಈ ಪ್ರಾಂತ ನಿಜಾಮರಿಂದ ಕುಂಪಣಿಯ ಕೈಗೆ ಬಂದಿತು. ಇಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರಾಗಿ, 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದರು. ಇವರು ತೆಲುಗು ವ್ಯಾಕರಣವನ್ನು ರಚಿಸಿದ್ದ ವಿದ್ವಾಂಸರು. ಬರಿಯ ಅಂಕಿಗಳಿಗೆ ತೃಪ್ತರಾದವರಲ್ಲ.

ಆಗಿನ ವಿಶಾಲವಾದ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಈ ಬಹುಪಾಲು ಶಾಲೆಗಳಿಗೆ ಕಟ್ಟಡವೆಂಬುದಿರಲಿಲ್ಲ. ಐಗಳು ಕುಳಿತ ಜಗಲಿಯೇ ಶಾಲೆ, ಗುಡಿಯ ಮಂಟಪವೇ ಶಾಲೆ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಾಡಿಸುತ್ತಿದ್ದರು. ಆಮೇಲೆ ಇದ್ದಿಲು ಬಳಿದ ಹಲಗೆ. ಇಲ್ಲವೆ ಬಟ್ಟೆಗೆ ಗಂಜಿ ಹಾಕಿ, ಮಡಿಸಿ, ಇದ್ದಿಲು ಅಂಟುಗಳನ್ನು ಲೇಪಿಸಿದ ಕಡತ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ; ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಇಲ್ಲಿಯ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿ ಬರೆದಿದ್ದಾರೆ.

ಇಷ್ಟನ್ನೇ ಹೇಳಿ ಹಿಗ್ಗಿದರೆ ಅರ್ಧ ಸತ್ಯವಾದೀತು. 9,27,857 ಜನರಿದ್ದ ಜಿಲ್ಲೆಯಲ್ಲಿ ಓದುತ್ತಿದ್ದವರು 6,641 ಮಂದಿ. ಅಂದರೆ ಸಾವಿರಕ್ಕೆ ಏಳು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಮೊದಲು ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲವೆಂದು ಕ್ಯಾಂಪ್‌ಬೆಲ್ ವ್ಯಥೆಪಟ್ಟರು. ಅವರು ಕೊಟ್ಟ ಕಾರಣವನ್ನು ಗಮನಿಸಬೇಕು: ಜನ ಬಡವಾದರು. ವಿಲಾಯತಿ ಬಟ್ಟೆ ಬಂದು ನೇಕಾರರ ಕೈ ಬರಿದಾಯಿತು. ಮಗನ ಓದಿಗೆ ಕೊಡುವ ಕಾಸು ತಂದೆಯ ಬಳಿ ಉಳಿಯಲಿಲ್ಲ. ಶಾಲೆಯ ಅಳಿವಿಗೆ ಕಾರಣವನ್ನು ಅವರು ಕಂಡದ್ದು ಮಗ್ಗದ ಗುಂಡಿಯಲ್ಲಿ.

ಇದನ್ನು ಓದಿದಾಗ ನನಗೆ ನಮ್ಮ ಶಾಲೆಯ ದಾಖಲಾತಿ ಪುಸ್ತಕ ನೆನಪಾಯಿತು. ಹೊಸ ಕಟ್ಟಡದ ಬೀರುವಿನಲ್ಲಿದ್ದ ಅದನ್ನು ಮುಖ್ಯೋಪಾಧ್ಯಾಯರ ಅನುಮತಿಯಿಂದ ತೆಗೆಸಿ ನೋಡಿದೆ. ಮೊದಲ ಪುಟಗಳು ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದವು. 1953ರ ಅಕ್ಟೋಬರ್ 1ರಂದು ನಾವು ಮೈಸೂರಿಗೆ ಸೇರಿದೆವು. ಪುಸ್ತಕದ ಅಂಕಣಗಳು ಮಾತ್ರ ಹಾಗೆಯೇ ಮುಂದುವರಿದಿವೆ: ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಕಸುಬು. ನನ್ನ ಹೆಸರಿನ ಎದುರಿಗೆ ‘ನೇಯ್ಗೆ’ ಎಂದಿದೆ. ನಾಲ್ಕು ವರ್ಷಗಳ ತರುವಾಯ ಸೇರಿದ ನನ್ನ ತಮ್ಮನ ಹೆಸರಿನ ಎದುರಿಗೆ, ಅದೇ ತಂದೆಯ ಕಸುಬು ‘ಕೂಲಿ’ ಎಂದಿದೆ. ಆ ನಾಲ್ಕು ವರ್ಷಗಳಲ್ಲಿ ನಮ್ಮ ಮನೆಯ ಮಗ್ಗ ಹೊರಗೆ ಹೋದದ್ದು ನನಗೆ ಗೊತ್ತು. ಆದರೆ ಅದನ್ನು ಬರೆದಿಟ್ಟವರು ಯಾರಾದರೂ ಇದ್ದರೆ ಆ ಶಾಲೆಯ ಗುರುಗಳು ಮಾತ್ರ. ಅಕ್ಕನ ಹೆಸರಿಗಾಗಿ ಪುಟಗಳನ್ನು ಮಗುಚಿದೆ. ಅದು ಇಲ್ಲ. ನಾವು ಮಗ್ಗಿ ಹೇಳುತ್ತಿದ್ದ ಹೊತ್ತಿಗೆ ಆಕೆ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು.

ಕೆಡವಬಾರದೆಂದು ನಾನು ಹಟ ಹಿಡಿಯಲಾರೆ. ಮಾಳಿಗೆ ಕುಸಿದಿದೆ, ಅದರ ಕೆಳಗೆ ಮಕ್ಕಳು ಆಡುತ್ತಾರೆ. ನನ್ನ ಕೋರಿಕೆ ಇಷ್ಟೆ: ಗೋಡೆ ಹೋದರೂ ಆ ಪುಸ್ತಕ ಹೋಗದಿರಲಿ. ಹೊಸಪೇಟೆಯಾಗಲಿ ಸಂಡೂರಾಗಲಿ, ಬೀಗ ಬಿದ್ದ ಶಾಲೆ ಎಲ್ಲಿದ್ದರೂ ಅದರ ದಾಖಲಾತಿ ಪುಸ್ತಕವನ್ನು ಗೆದ್ದಲಿಗೆ ಬಿಡದೆ, ಊರಿನ ಹಿರಿಯರನ್ನು ಕೂರಿಸಿಕೊಂಡು ಓದಿಸಿ, ಅವರು ಹೇಳುವುದನ್ನು ಬರೆದುಕೊಳ್ಳಬೇಕು.

ಆ ಯುವಕನನ್ನು ಮತ್ತೆ ಕಂಡಾಗ ಕರೆದೊಯ್ದು ತೋರಿಸಬೇಕೆಂದಿದ್ದೇನೆ. ಅವನ ಅಜ್ಜ ನನ್ನ ಸಹಪಾಠಿ. ನನ್ನ ಹೆಸರಿನ ಕೆಳಗಿನ ಸಾಲಿನಲ್ಲಿಯೇ ಅವನ ಹೆಸರಿದೆ. ಪಕ್ಕದಲ್ಲಿ, ಮಗನನ್ನು ಶಾಲೆಗೆ ಸೇರಿಸಲು ಬಂದ ತಂದೆಯ ಹೆಬ್ಬೆಟ್ಟಿನ ಗುರುತು.