ಬಾರದ ಅರ್ಜಿಯನ್ನು ಹುಡುಕುವವರು ಯಾರು?

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮೊಹಲ್ಲಾ ಸಂಘಗಳ ಕಾರ್ಯಕರ್ತರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂದು ವಿದ್ಯಾರ್ಥಿವೇತನ ಪಡೆದ ಮಕ್ಕಳಿಗೂ ಅವರನ್ನು ಇಲ್ಲಿಯವರೆಗೆ ಓದಿಸಿದ ಹೆತ್ತವರಿಗೂ ನನ್ನ ಅಭಿನಂದನೆಗಳು. ಆದರೆ ನನಗೆ ಕೊಟ್ಟಿರುವ ಈ ಸಮಯದಲ್ಲಿ ನಾನು ಮಾತನಾಡಬೇಕೆಂದಿರುವುದು ಈ ಸಭೆಗೆ ಬಾರದ ಮಕ್ಕಳ ಬಗ್ಗೆ.

ನಮ್ಮ ಟ್ರಸ್ಟ್ ಹೇಗೆ ಕೆಲಸ ಮಾಡುತ್ತದೆ ಎಂಬುದು ತಮಗೆ ಗೊತ್ತಿದೆ. ಪ್ರಕಟಣೆ ಹೊರಡಿಸುತ್ತೇವೆ, ಅರ್ಜಿ ಕರೆಯುತ್ತೇವೆ, ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರ ನೋಡುತ್ತೇವೆ, ಸಂದರ್ಶನ ಮಾಡುತ್ತೇವೆ. ನಮ್ಮ ಮೇಜಿನ ಮೇಲೆ ಬಂದ ಅರ್ಜಿಗಳಲ್ಲಿ ಯಾರಿಗೆ ಹೆಚ್ಚು ಅಗತ್ಯವಿದೆ ಎಂದು ತೂಗಿ ನೋಡುವುದು ಕಷ್ಟವಾದರೂ ಅಸಾಧ್ಯವಲ್ಲ. ಆದರೆ ಅರ್ಜಿಯನ್ನೇ ಹಾಕದ ಮನೆ ಯಾವುದು ಎಂದು ತಿಳಿಯಲು ನಮ್ಮ ಕಚೇರಿಯಲ್ಲಿ ಯಾವ ದಾರಿಯೂ ಇಲ್ಲ. ತಂದೆ ಬೆಳಿಗ್ಗೆ ಆಟೋ ತೆಗೆದುಕೊಂಡು ಹೊರಟರೆ ರಾತ್ರಿ ಬರುತ್ತಾರೆ. ತಾಯಿ ಬೀಡಿ ಕಟ್ಟುತ್ತಾ ಮನೆ ನಡೆಸುತ್ತಾರೆ. ಪ್ರಕಟಣೆ ಅವರ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ‘ಇದು ನಮ್ಮಂಥವರಿಗೆ ಸಿಗುತ್ತದೆಯೇ’ ಎಂಬ ಅನುಮಾನ. ಇನ್ನು ಕೆಲವರಿಗೆ ಕೈಚಾಚಲು ಸಂಕೋಚ. ನಿಜವಾಗಿ ಬೇಕಾಗಿದ್ದವರೇ ಹೀಗೆ ಹೊರಗೆ ಉಳಿಯುತ್ತಾರೆ.

ಆ ಮನೆ ಯಾವುದೆಂದು ಗೊತ್ತಿರುವುದು ಮೊಹಲ್ಲಾದವರಿಗೆ. ಯಾವ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಗ್ಯಾರೇಜಿಗೆ ಸೇರಿದ, ಯಾವ ಹುಡುಗಿ ಪಿಯುಸಿಗೆ ಹೆಸರು ಹಚ್ಚಲಿಲ್ಲ, ಯಾವ ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದಿದ್ದಾರೆ ಎಂಬುದು ಬೀದಿಯ ಕಿರಾಣಿ ಅಂಗಡಿಯವರಿಗೂ ತಿಳಿದಿರುತ್ತದೆ. ಆದ್ದರಿಂದಲೇ ಹೇಳುತ್ತೇನೆ, ಸಂಬಳವಿಲ್ಲದೆ ದುಡಿಯುವ ನಿಮ್ಮ ಸಣ್ಣ ಸಂಘಗಳು ನಮ್ಮಂಥ ಟ್ರಸ್ಟ್‌ಗಳ ಕಣ್ಣು. ನೀವು ನೋಡದಿದ್ದರೆ ನಮಗೆ ಕಾಣಿಸುವುದಿಲ್ಲ.

ಇದು ನಮ್ಮ ರಾಜ್ಯಕ್ಕೆ ಹೊಸ ವಿಷಯವಲ್ಲ. ಭಟ್ಕಳದಲ್ಲಿ 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್, 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಸ್ಥಾಪನೆಯಾದವು. ಬೆಂಗಳೂರಿನಲ್ಲಿ 1966ರಲ್ಲಿ ವೈದ್ಯರಾಗಿದ್ದ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಇವೆಲ್ಲ ಊರಿನ ಅಗತ್ಯವನ್ನು ಕಂಡ ಊರಿನವರೇ ಎದ್ದು ನಿಂತು ಮಾಡಿದ ಕೆಲಸ. ಇಂದು ನಾವು ಅವುಗಳ ಕಟ್ಟಡಗಳನ್ನು ನೋಡಿ ಹೆಮ್ಮೆ ಪಡುತ್ತೇವೆ. ಕಟ್ಟಡಕ್ಕಿಂತ ಮೊದಲು ಮನೆಮನೆಗೆ ಹೋಗಿ ಮಾತನಾಡಿಸುವ ಜನ ಬೇಕು. ನಿಮ್ಮ ಸಂಘಕ್ಕೆ ಸ್ವಂತ ಕೋಣೆ ಇಲ್ಲವೆಂದು ಕೊರಗಬೇಡಿ.

ಈ ಕೆಲಸ ಈಗ ಹಿಂದಿಗಿಂತ ಹೆಚ್ಚು ಮುಖ್ಯವಾಗಿದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಲಾಯಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. ಕೆಳಗಿನ ತರಗತಿಯ ಮಕ್ಕಳಿಗೆ ಬರುತ್ತಿದ್ದದ್ದು ಸಣ್ಣ ಮೊತ್ತವೇ ಆಗಿದ್ದರೂ, ಅದಕ್ಕಾಗಿ ಹೆತ್ತವರು ವರ್ಷಕ್ಕೊಮ್ಮೆ ಮಗುವಿನ ದಾಖಲೆ, ಬ್ಯಾಂಕ್ ಖಾತೆ ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತಿದ್ದರು. ಈಗ ಆ ಅಭ್ಯಾಸ ತಪ್ಪಿದೆ. ಒಂಬತ್ತನೇ ತರಗತಿಗೆ ಬಂದಾಗ ಒಮ್ಮೆಲೇ ಎಲ್ಲ ತೊಡಕುಗಳೂ ಎದುರಾಗುತ್ತವೆ.

ಆ ತೊಡಕುಗಳು ಯಾವುವು? ಬಹುತೇಕ ಅರ್ಜಿಗಳು ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ಮಹಮ್ಮದ್’, ಶಾಲೆಯ ದಾಖಲೆಯಲ್ಲಿ ‘ಮೊಹಮ್ಮದ್’, ಬ್ಯಾಂಕಿನಲ್ಲಿ ಬರೀ ‘ಎಂ.ಡಿ.’. ನಮಗೆ ಮೂವರೂ ಒಬ್ಬನೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಎರಡನೆಯದು ಮೊಬೈಲ್ ನಂಬರ್. ಆಧಾರ್‌ಗೆ ಜೋಡಿಸಿದ ನಂಬರ್ ಗಲ್ಫ್‌ನಲ್ಲಿರುವ ತಂದೆಯದು, ಊರಿನ ಆ ಸಿಮ್ ಬಂದ್ ಆಗಿ ವರ್ಷಗಳಾಗಿವೆ. ಹಾಗಾದರೆ ಒಟಿಪಿ ಬರುವುದೆಲ್ಲಿಗೆ? ಮೂರನೆಯದು ಬ್ಯಾಂಕ್. ಸರ್ಕಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ಎನ್‌ಪಿಸಿಐ ಜೋಡಣೆ ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ನಾಲ್ಕನೆಯದು ನಾಡಕಚೇರಿಯಿಂದ ಪಡೆಯಬೇಕಾದ ಆದಾಯ ಪ್ರಮಾಣಪತ್ರ. ಅದರಲ್ಲಿರುವ ಆರ್‌ಡಿ ಸಂಖ್ಯೆ ಇಲ್ಲದೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಿಲ್ಲ. ಸಮಯ ಬೇಕು, ತಿಳಿದವರೊಬ್ಬರು ಜೊತೆಗೆ ಬರಬೇಕು. ಅರ್ಜಿಯ ಕೊನೆಯ ದಿನ ಸೈಬರ್ ಸೆಂಟರ್ ಮುಂದೆ ಸಾಲಿನಲ್ಲಿ ನಿಂತಾಗ ಇವನ್ನು ಸರಿಪಡಿಸಲು ಆಗುವುದಿಲ್ಲ. ಏಪ್ರಿಲ್-ಮೇ ರಜೆಯಲ್ಲಿ ನಿಮ್ಮ ಸಂಘ ಎರಡು ಭಾನುವಾರ ಮದ್ರಸದ ಕೋಣೆಯಲ್ಲೋ ಶಾಲೆಯ ಜಗಲಿಯಲ್ಲೋ ಕುಳಿತು ಪ್ರತಿ ಮಗುವಿನ ನಾಲ್ಕು ಕಾಗದ ನೋಡಿದರೆ ಸಾಕು, ಜೂನ್‌ನಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ.

ಇನ್ನೊಂದು ಅವಕಾಶವನ್ನು ವಿಶೇಷವಾಗಿ ಗಮನಕ್ಕೆ ತರುತ್ತೇನೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗಾಗಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಇದು ಯಾವ ಜಾತಿ-ಧರ್ಮಕ್ಕೂ ಸೀಮಿತವಲ್ಲ. ನಮ್ಮ ಕನ್ನಡ ಮತ್ತು ಉರ್ದು ಸರ್ಕಾರಿ ಶಾಲೆಗಳ ಎಷ್ಟೋ ಮಕ್ಕಳು ಇದಕ್ಕೆ ಅರ್ಹರು. ಆದರೆ ಪರೀಕ್ಷೆ ಇದೆ ಎಂದು ಗೊತ್ತಿರಬೇಕು, ತಯಾರಿ ಬೇಕು, ಆಯ್ಕೆಯಾದ ಮೇಲೆ ಪ್ರತಿ ವರ್ಷ ನವೀಕರಣ ಮಾಡಬೇಕು. ಮೊಹಲ್ಲಾದ ಇಬ್ಬರು ಪದವಿ ವಿದ್ಯಾರ್ಥಿಗಳು ಮಗ್ರಿಬ್ ಬಳಿಕ ಒಂದು ಗಂಟೆ ಗಣಿತ ಹೇಳಿಕೊಟ್ಟರೆ ಅದಕ್ಕಿಂತ ಒಳ್ಳೆಯ ಸೇವೆ ಯಾವುದಿದೆ? ಹಾಗೆಯೇ ವೃತ್ತಿಪರ ಕೋರ್ಸ್‌ಗೆ ಸೀಟು ಸಿಕ್ಕವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಇದೆ. ಅದು ಸಾಲ, ತೀರಿಸಬೇಕಾದದ್ದು ಎಂಬುದನ್ನು ಮೊದಲೇ ತಿಳಿಸಿ ಹೇಳಿ.

‘ಇದೆಲ್ಲ ಸರ್ಕಾರದ ಕೆಲಸವಲ್ಲವೇ, ನಾವೇಕೆ ಮಾಡಬೇಕು’ ಎಂದು ಕೆಲವರು ಕೇಳುತ್ತಾರೆ. ಸರ್ಕಾರದ ಕೆಲಸವೇ ಹೌದು. ಅದನ್ನು ಸರ್ಕಾರದಿಂದ ಕೇಳಿ ಪಡೆಯುವುದೂ ಸಂಘದ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಹೆತ್ತವರು ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಿಮ್ಮ ಬೀದಿಯ ಶಾಲೆಯ ಸಮಿತಿಯಲ್ಲಿ ನಿಮ್ಮವರು ಯಾರಿದ್ದಾರೆ, ಅವರು ಸಭೆಗೆ ಹೋಗುತ್ತಾರೆಯೇ ಎಂದು ವಿಚಾರಿಸಿ.

ಈಗ ಸಂಘ ನಡೆಸುವ ಬಗ್ಗೆ. ಬಹಳಷ್ಟು ಮೊಹಲ್ಲಾ ಸಂಘಗಳು ಒಬ್ಬ ಉತ್ಸಾಹಿ ಕಾರ್ಯದರ್ಶಿಯ ಬಲದಿಂದ ನಡೆಯುತ್ತವೆ. ಅವರು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ ದಿನ ಸಂಘವೂ ಮಲಗುತ್ತದೆ, ಏಕೆಂದರೆ ಎಲ್ಲವೂ ಅವರ ತಲೆಯಲ್ಲಿ ಮತ್ತು ಅವರ ಮೊಬೈಲ್‌ನಲ್ಲಿ ಇತ್ತು. ದಯವಿಟ್ಟು ಒಂದು ರಿಜಿಸ್ಟರ್ ಇಡಿ. ಮನೆ, ಮಗುವಿನ ಹೆಸರು, ತರಗತಿ, ಶಾಲೆ, ಯಾವ ಕಾಗದ ಬಾಕಿ, ಯಾವ ಅರ್ಜಿ ಹಾಕಲಾಗಿದೆ, ಏನಾಯಿತು ಎಂಬಷ್ಟು ಬರೆದರೆ ಸಾಕು. ಇಬ್ಬರ ಬಳಿ ಅದರ ಜವಾಬ್ದಾರಿ ಇರಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಗಂಡಸರು ಬಾಗಿಲಲ್ಲಿ ನಿಂತು ಕೇಳಿದರೆ ‘ಎಲ್ಲ ಚೆನ್ನಾಗಿದೆ’ ಎನ್ನುವ ತಾಯಿ, ಇನ್ನೊಬ್ಬ ಹೆಣ್ಣುಮಗಳು ಒಳಗೆ ಬಂದು ಕುಳಿತಾಗ ನಿಜ ಹೇಳುತ್ತಾರೆ.

ಎರಡನೆಯದು ಲೆಕ್ಕ. ಐದು ರೂಪಾಯಿ ಸಂಗ್ರಹಿಸಿದರೂ ರಶೀದಿ ಕೊಡಿ. ಸಂಘದ ಹೆಸರಿನಲ್ಲಿ ಹಣ ಸಂಗ್ರಹಿಸುವಿರಾದರೆ ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಾಯಿಸಿದ ಮೇಲೆ ಪ್ರತಿ ವರ್ಷ ಮಹಾಸಭೆ ಕರೆದು, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಇದನ್ನು ಹಲವರು ಮರೆಯುತ್ತಾರೆ. ಬ್ಯಾಂಕ್ ಖಾತೆಯನ್ನು ವ್ಯಕ್ತಿಯ ಹೆಸರಿನಲ್ಲಿ ತೆರೆಯದೆ ಸಂಘದ ಹೆಸರಿನಲ್ಲೇ ತೆರೆಯಿರಿ, ಎರಡು ಸಹಿ ಇರಲಿ. ಝಕಾತ್ ಹಣ ಮತ್ತು ಸಾಮಾನ್ಯ ದೇಣಿಗೆಯನ್ನು ಬೇರೆ ಬೇರೆ ಬರೆಯಿರಿ. ಝಕಾತ್ ಯಾರಿಗೆ ಸಲ್ಲಬೇಕೆಂಬುದು ಗೊತ್ತುಮಾಡಿದ್ದು, ಅದರಿಂದ ಸಭೆಯ ಶಾಮಿಯಾನಾದ ಬಾಡಿಗೆ ಕೊಡುವಂತಿಲ್ಲ. ಅದು ನಮ್ಮ ಕೈಯಲ್ಲಿರುವ ಅಮಾನತ್.

ಮೂರನೆಯದು ನ್ಯಾಯ. ನಿಮ್ಮ ಶಿಫಾರಸು ಪತ್ರವನ್ನು ನಾವು ನಂಬುತ್ತೇವೆ, ಆದ್ದರಿಂದಲೇ ಅದು ಅಪಾಯದ ವಸ್ತುವೂ ಹೌದು. ಸಮಿತಿಯವರ ನೆಂಟರ ಮಕ್ಕಳ ಹೆಸರು ಮೇಲೆ ಬಂದು, ಸಮಿತಿಯೊಂದಿಗೆ ಜಗಳವಾಡಿದವನ ಮಗಳ ಹೆಸರು ಬಿಟ್ಟುಹೋದರೆ ನಾವೆಲ್ಲರೂ ಉತ್ತರ ಕೊಡಬೇಕಾಗುತ್ತದೆ. ಬಾಡಿಗೆ ಮನೆಗೆ ಹೊಸದಾಗಿ ಬಂದವರು, ದೂರದ ಜಿಲ್ಲೆಗಳಿಂದ ಕೂಲಿಗೆ ಬಂದವರು ‘ನಮ್ಮ ಜಮಾಅತಿನವರಲ್ಲ’ ಎಂಬ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿಯದಿರಲಿ. ಪಕ್ಕದ ಮನೆಯ ಮಗು ಯಾವ ಧರ್ಮದ್ದಾದರೂ ಎನ್‌ಎಂಎಂಎಸ್ ಮತ್ತು ಎಸ್‌ಎಸ್‌ಪಿ ಮಾಹಿತಿ ಅವರಿಗೂ ತಲುಪಲಿ, ಅವರ ಕಾಗದವನ್ನೂ ನೋಡಿಕೊಡಿ. ಮತ್ತೊಂದು ವಿನಂತಿ, ನೆರವು ಪಡೆಯುವವರ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಬೇಡಿ. ನಾಳೆ ಆ ಮಗು ಶಾಲೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ಇಲ್ಲಿರುವ ದಾನಿಗಳಲ್ಲೂ ಒಂದು ಮಾತು. ವಿದ್ಯಾರ್ಥಿವೇತನ ಕೊಡಲು ತಾವು ಉದಾರವಾಗಿ ಮುಂದೆ ಬರುತ್ತೀರಿ. ಆದರೆ ರಿಜಿಸ್ಟರ್ ಪುಸ್ತಕಕ್ಕೆ, ಝೆರಾಕ್ಸ್‌ಗೆ, ತಾಲೂಕು ಕಚೇರಿಗೆ ಹೋಗುವ ಬಸ್ ಚಾರ್ಜಿಗೆ, ಲೆಕ್ಕಪರಿಶೋಧಕರ ಶುಲ್ಕಕ್ಕೆ ಹಣ ಕೊಡುವವರು ಕಡಿಮೆ. ಈ ಖರ್ಚನ್ನೆಲ್ಲ ಕಾರ್ಯಕರ್ತರು ತಮ್ಮ ಜೇಬಿನಿಂದಲೇ ಹಾಕುತ್ತಾರೆ, ಹಾಕಿ ಹಾಕಿ ಕೊನೆಗೆ ದಣಿಯುತ್ತಾರೆ. ದೇಣಿಗೆಯ ಒಂದು ಸಣ್ಣ ಪಾಲನ್ನು ಇದಕ್ಕೆಂದೇ ಹೇಳಿ ಕೊಡಿ. ಅದರಿಂದ ಉಳಿದ ಹಣ ಸರಿಯಾದ ಮನೆಗೆ ತಲುಪುತ್ತದೆ.

ಮುಂದಿನ ಪ್ರಕಟಣೆ ಹೊರಡುವ ಮೊದಲು ಪ್ರತಿಯೊಂದು ಸಂಘವೂ ಮೂರು ಕೆಲಸ ಮಾಡಬೇಕೆಂದು ಕೋರುತ್ತೇನೆ. ಎಂಟನೇ ತರಗತಿಯಿಂದ ಮೇಲಿನ ಮಕ್ಕಳ ಪಟ್ಟಿ ಮಾಡಿ. ಅವರ ನಾಲ್ಕು ಕಾಗದ ಪರೀಕ್ಷಿಸಿ. ಕಳೆದ ಎರಡು ವರ್ಷಗಳಲ್ಲಿ ಓದು ಬಿಟ್ಟವರ ಮನೆಗೆ ಒಮ್ಮೆ ಹೋಗಿ ಬನ್ನಿ. ಅವರಲ್ಲಿ ಒಬ್ಬರು ಮರಳಿ ಕಾಲೇಜಿಗೆ ಹೋಗಲು ಒಪ್ಪಿದರೂ ನಮಗೆ ತಿಳಿಸಿ, ಉಳಿದದ್ದನ್ನು ಕೂಡಿ ನೋಡೋಣ.

ಹಗಲಿಡೀ ದುಡಿದು ರಾತ್ರಿ ಬೇರೆಯವರ ಮಕ್ಕಳ ಅರ್ಜಿ ತುಂಬುವ ನಿಮ್ಮೆಲ್ಲರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ.