ಹತ್ತು ಕೈ ತಿದ್ದಿದ ಚರಿತ್ರೆ

(ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಂತರ್ಜಾಲದಲ್ಲಿ ಹತ್ತಾರು ಜನ ಸೇರಿ ಬರೆಯುವಾಗ ಒಬ್ಬೊಬ್ಬರ ಸ್ವಂತ ಮಾತು ಉಳಿಯುತ್ತದೆಯೇ ಎಂಬುದರ ಬಗ್ಗೆ ಮಾತನಾಡಲು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಮೊದಲು ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ.

ಫಿಲಿಪ್ ರಾತ್ ಅಮೆರಿಕದ ಹೆಸರಾಂತ ಕಾದಂಬರಿಕಾರ. 2000ದಲ್ಲಿ ಬಂದ ಅವರ 'ದಿ ಹ್ಯೂಮನ್ ಸ್ಟೇನ್' ಕಾದಂಬರಿಗೆ ಇನ್ನೊಬ್ಬ ಬರಹಗಾರನ ಬದುಕು ಪ್ರೇರಣೆ ಎನ್ನಲಾಗಿದೆ ಎಂದು ವಿಕಿಪೀಡಿಯದಲ್ಲಿತ್ತು. ಅದು ತಪ್ಪು, ತೆಗೆಯಿರಿ ಎಂದು ರಾತ್ ಕೇಳಿಸಿದರು. ಬರೆದವರ ಮಾತೊಂದೇ ಸಾಲದು, ಬೇರೆ ಆಧಾರ ಬೇಕು ಎಂಬ ಉತ್ತರ ಬಂತು. 2012ರಲ್ಲಿ ಅವರು ನ್ಯೂಯಾರ್ಕರ್ ಪತ್ರಿಕೆಯ ಜಾಲತಾಣದಲ್ಲಿ ಬಹಿರಂಗ ಪತ್ರ ಬರೆದರು. ಆ ಪತ್ರವೇ ಆಧಾರವಾಗಿ ಅವರ ಮಾತು ವಿಕಿಪೀಡಿಯಕ್ಕೆ ಸೇರಿತು.

ಕೇಳಿದರೆ ನಗು ಬರುತ್ತದೆ. ಆದರೆ ನಿಯಮ ಸುಮ್ಮನೆ ಮಾಡಿದ್ದಲ್ಲ. ಅದಿಲ್ಲದಿದ್ದರೆ ಪ್ರತಿಯೊಬ್ಬ ಪುಢಾರಿಯೂ ತನ್ನ ಪುಟದಲ್ಲಿ ತನ್ನನ್ನೇ ಹೊಗಳಿಕೊಳ್ಳುತ್ತಿದ್ದ. ಅಲ್ಲಿ ಪ್ರತಿ ಲೇಖನದ ಜೊತೆಗೂ ಒಂದು ಚರ್ಚೆಯ ಪುಟವಿರುತ್ತದೆ. ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆಯೂ ಇರುತ್ತದೆ. ಜಗಳವಾಡಿದರೆ ಅದರ ಗುರುತು ಉಳಿಯುತ್ತದೆ.

ನಮ್ಮಲ್ಲಿ ಉಳಿಯುತ್ತಿಲ್ಲ. ಈ ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆಯನ್ನು ನಾವು ಗೂಗಲ್ ಡಾಕ್ಸ್‌ನಲ್ಲಿ ಒಟ್ಟಾಗಿ ಬರೆದೆವು. ಲಾಭ ಸಣ್ಣದಲ್ಲ. ಮಸ್ಕತ್‌ನಿಂದ ಒಬ್ಬರು ಹಾಕಿದ ಮಾಸಿದ ಗುಂಪುಚಿತ್ರದಲ್ಲಿ ಹಿಂದಿನ ಸಾಲಿನವರು ಯಾರೆಂದು ಹುಬ್ಬಳ್ಳಿಯ ಇನ್ನೊಬ್ಬರು ಗುರುತಿಸಿದರು. ಗಂಟೆ ಬಾರಿಸುತ್ತಿದ್ದ ಜವಾನರ ಹೆಸರು ಮತ್ತೊಬ್ಬರಿಗೆ ನೆನಪಾಯಿತು. ಒಬ್ಬರೇ ಕೂತು ಬರೆದಿದ್ದರೆ ಇದೆಲ್ಲ ಸಿಗುತ್ತಿರಲಿಲ್ಲ.

ಕಟ್ಟಡದ ವಿಷಯಕ್ಕೆ ಬಂದಾಗ ಮಾತ್ರ ಕಥೆ ಬೇರೆಯಾಯಿತು. ಊರವರೇ ಗಾಡಿ ಹೂಡಿ ಕಲ್ಲು ತಂದರು ಎಂದು ಒಬ್ಬರು ಬರೆದರು. ಎಲ್ಲ ಸರ್ಕಾರದ ಹಣದಿಂದಲೇ ಆಯಿತು ಎಂದು ಇನ್ನೊಬ್ಬರು ಅದನ್ನು ಅಳಿಸಿದರು. ಶನಿವಾರ ಹಳ್ಳದಿಂದ ಮರಳು ಹೊತ್ತವರು ನಾವು ಹುಡುಗಿಯರು, ಅದನ್ನೇಕೆ ಯಾರೂ ಬರೆಯುವುದಿಲ್ಲ ಎಂದು ಮೊದಲ ತಂಡದ ಅಕ್ಕ ಒಬ್ಬರು ಸೇರಿಸಿದರು. ಹದಿನೈದು ದಿನ ತಿದ್ದಿದ ಮೇಲೆ ಉಳಿದದ್ದು ಇಷ್ಟು: 'ಸರ್ವರ ಸಹಕಾರದಿಂದ ಶಾಲಾ ಕಟ್ಟಡ ನಿರ್ಮಾಣವಾಯಿತು.' ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಯಾವ ಊರಿನ ಯಾವ ಶಾಲೆಗಾದರೂ ಅದು ಹೊಂದುತ್ತದೆ, ತೊಂದರೆ ಅದೇ. ಯಾರೂ ಯಾರನ್ನೂ ಗದರಿಸಲಿಲ್ಲ. ಮುನಿಸು ಬೇಡವೆಂದು ಒಬ್ಬೊಬ್ಬರೂ ತಮ್ಮ ಮಾತನ್ನು ತಾವೇ ಬಿಟ್ಟುಕೊಟ್ಟರು. ಹಳೆಯ ಪ್ರತಿಗಳು ಕಂಪ್ಯೂಟರಿನಲ್ಲಿ ಇವೆ, ನಿಜ. ಅಚ್ಚಾಗುವುದು ಕೊನೆಯದು ಮಾತ್ರ.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ನಾಳೆ ನಮ್ಮೂರ ಹುಡುಗನೊಬ್ಬ ಈ ಶಾಲೆಯ ಬಗ್ಗೆ ಅದರಲ್ಲಿ ಬರೆಯಹೊರಟರೆ ಅವನನ್ನೂ ಅಚ್ಚಾದ ಆಧಾರ ಕೇಳುತ್ತಾರೆ. ಅವನು ಈ ಸಂಚಿಕೆಯನ್ನೇ ತೋರಿಸಬೇಕಾದೀತು. ರಾತ್‌ಗೆ ಪತ್ರ ಅಚ್ಚುಮಾಡಲು ನ್ಯೂಯಾರ್ಕರ್ ಇತ್ತು. ಮರಳು ಹೊತ್ತ ಅಕ್ಕನಿಗೆ ಇರುವುದು ನಮ್ಮ ಈ ಪುಸ್ತಕ.

ಸಂಪಾದಕ ಮಂಡಳಿಯವರೇ, ಮೂರು ಮಾತನ್ನೂ ಹೇಳಿದವರ ಹೆಸರಿನ ಸಮೇತ ಅಚ್ಚುಹಾಕಿ. ಒಂದಕ್ಕೊಂದು ಹೊಂದದಿದ್ದರೆ ಹಾಗೆಯೇ ಇರಲಿ. ಅಕ್ಕ ಅಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಹತ್ತನೇ ತರಗತಿಯ ಮಕ್ಕಳು ಇಬ್ಬರು ನೋಟ್‌ಬುಕ್ ಹಿಡಿದು ಊಟಕ್ಕೆ ಮೊದಲು ಅವರ ಪಕ್ಕ ಹೋಗಿ ಕೂರಲಿ.