ಹಳೆಯ ಲಾರಿಗೆ ಎರಕದ ಮ್ಯಾನಿಫೋಲ್ಡೋ, ಕೊಳವೆಯ ಹೆಡರೋ?

ತೆಂಗಿನ ಸೀಮೆಯಲ್ಲಿ ಲಾರಿಯೆಂಬುದು ಮನೆಯ ಎತ್ತಿನಂತೆ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಯಾರೂ ಅದನ್ನು ಕೊಟ್ಟಿಗೆಯಿಂದ ಹೊರದೂಡುವುದಿಲ್ಲ. ಹಂದನಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ತೋಟಗಳಿಂದ ಕಾಯಿಯನ್ನೂ ಕೊಬ್ಬರಿಯನ್ನೂ ತಿಪಟೂರಿನ ಮಾರುಕಟ್ಟೆಗೆ ಸಾಗಿಸಬೇಕು; ಸಿಪ್ಪೆಯನ್ನು ನಾರಿನ ಕಾರ್ಖಾನೆಗೆ ಮುಟ್ಟಿಸಬೇಕು. ಈ ಕೆಲಸ ನಡೆಯುವವರೆಗೂ ಹಳೆಯ ಗಾಡಿಗೆ ಅನ್ನವುಂಟು. ಟಾಟಾ ಕಂಪನಿಯವರು ಜರ್ಮನಿಯ ಡೈಮ್ಲರ್ ಬೆನ್ಜ್ ಸಂಸ್ಥೆಯೊಡನೆ 1954ರಲ್ಲಿ ಮಾಡಿಕೊಂಡ ಒಪ್ಪಂದ 1969ರಲ್ಲಿ ಮುಗಿಯಿತು. ಆದರೂ 'ಬೆನ್ಜ್ ಲಾರಿ' ಎಂಬ ಮಾತು ಹಿರಿಯ ಚಾಲಕರ ಬಾಯಿಂದ ಬಹುಕಾಲ ಹೋಗಲಿಲ್ಲ. 1986ರಲ್ಲಿ ಬಂದ 407 ಎಂಬ ಚಿಕ್ಕ ಲಾರಿಯೂ ಈಗ ಹಿರಿಯರ ಸಾಲಿಗೆ ಸೇರಿತು.

ಇಂಥ ಗಾಡಿಯ ಒಡೆಯರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಎಂಜಿನ್ನಿನ ಮಗ್ಗುಲಲ್ಲಿ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ಕಳಿಸುವ ಎರಕದ ಕಬ್ಬಿಣದ ಭಾಗ, ಅಂದರೆ ಮ್ಯಾನಿಫೋಲ್ಡ್, ಬಿರುಕುಬಿಡುತ್ತದೆ. ಆಗ ಯಾರಾದರೊಬ್ಬರು, "ಇದನ್ನು ಬಿಸಾಡಿ, ಉಕ್ಕಿನ ಕೊಳವೆಗಳ ಹೆಡರ್ ಹಾಕಿಸಿ, ಗಾಡಿ ಕುದುರೆಯಂತೆ ಓಡುತ್ತದೆ" ಎಂದು ಸಲಹೆ ಕೊಡುತ್ತಾರೆ. ಮಾತು ಕಿವಿಗೆ ಇಂಪಾಗಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಹಣ ಕೊಡುವ ಮುಂಚೆ ವಿಚಾರಿಸೋಣ.

ಮೊದಲು ಹೆಡರಿನ ಗುಣವೇನೆಂದು ನೋಡಿರಿ. ಮ್ಯಾನಿಫೋಲ್ಡಿನಲ್ಲಿ ಎಲ್ಲ ಸಿಲಿಂಡರುಗಳ ಹೊಗೆಯೂ ಒಂದೇ ಓಣಿಗೆ ಬಂದು ಬೀಳುತ್ತದೆ. ಹೆಡರಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಬೇರೆ ಕೊಳವೆ. ಅವೆಲ್ಲ ಸಮ ಉದ್ದದವಾಗಿದ್ದು ಮುಂದೆ ಒಂದೆಡೆ ಕೂಡಿಕೊಳ್ಳುತ್ತವೆ. ಹೊಗೆಯ ಕವಾಟ ತೆರೆದೊಡನೆ ಒತ್ತಡದ ಒಂದು ಅಲೆ ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ತುದಿಯನ್ನು ಮುಟ್ಟಿ ಅದು ಹಿಂದಿರುಗುವಾಗ ಒತ್ತಡ ಕಡಮೆಯಾದ ಅಲೆಯಾಗಿ ಬರುತ್ತದೆ. ಕವಾಟ ಮುಚ್ಚುವ ಮುಂಚೆ ಸರಿಯಾದ ಗಳಿಗೆಗೆ ಅದು ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಇದು ಸತ್ಯವಾದ ವಿದ್ಯೆ; ಪಂದ್ಯದ ಕಾರುಗಳಲ್ಲಿ ಇದರಿಂದ ಲಾಭವುಂಟು.

ಆದರೆ ಆ 'ಸರಿಯಾದ ಗಳಿಗೆ' ಯಾವುದು? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 6000 ಸುತ್ತು ತಿರುಗುವ ಪಂದ್ಯದ ಎಂಜಿನ್ನಿನಲ್ಲಿ ಸುತ್ತಿನ ಮೂರನೆಯ ಒಂದು ಪಾಲು ಮುಗಿಯಲು ಸೆಕೆಂಡಿನ ಮುನ್ನೂರನೆಯ ಒಂದು ಭಾಗ ಸಾಕು. ಅಷ್ಟರಲ್ಲಿ ಅಲೆ ಹೋಗಿ ಬರುವ ದೂರ ಒಂದೂ ಮುಕ್ಕಾಲು ಮೀಟರಿಗಿಂತ ಸ್ವಲ್ಪ ಕಡಮೆ. ಎಂದರೆ ಕೊಳವೆ ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು ಉದ್ದವಿದ್ದರೆ ಆಯಿತು. ಹೆಡರಿನ ಕೊಳವೆಗಳು ಹೆಚ್ಚುಕಡಮೆ ಈ ಅಳತೆಯವೇ ಆಗಿರುತ್ತವೆ. ಈಗ ನಮ್ಮ ಲಾರಿಗೆ ಬನ್ನಿ. ಹೊರೆ ಹೊತ್ತು ದಿಬ್ಬ ಏರುವಾಗ ಅದರ ಎಂಜಿನ್ನು ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಅದೇ ಲೆಕ್ಕಕ್ಕೆ ಇಲ್ಲಿ ಎರಡೂವರೆ ಮೀಟರ್ ಉದ್ದದ ಕೊಳವೆ ಬೇಕು. ಆರು ಸಿಲಿಂಡರಿಗೆ ಅಂಥವು ಆರು! ಬಾನೆಟ್ಟಿನ ಕೆಳಗೆ ಅವನ್ನು ಇಡುವುದೆಲ್ಲಿ? ಇಷ್ಟರಿಂದ ತಿಳಿಯುವುದೇನೆಂದರೆ, ಹೆಡರ್ ಕೊಡುವ ಬಲವು ನಮ್ಮ ಲಾರಿ ಎಂದೂ ಮುಟ್ಟದ ವೇಗದಲ್ಲಿದೆ.

ಇನ್ನೊಂದು ಮಾತು. ಡೀಸೆಲ್ ಎಂಜಿನ್ನಿನ ಬಲವನ್ನು ನಿರ್ಧರಿಸುವುದು ಪಂಪು ಎಷ್ಟು ಎಣ್ಣೆ ಕೊಡುತ್ತದೆಂಬುದು. ಪಂಪು ಇದ್ದಹಾಗೆಯೇ ಇದ್ದರೆ ಹೊಗೆಯ ದಾರಿ ಬದಲಾದ ಮಾತ್ರಕ್ಕೆ ಕುದುರೆಬಲ ಏರುವುದಿಲ್ಲ. ಲಾರಿ ಕಪ್ಪುಹೊಗೆ ಕಕ್ಕುತ್ತ ಏದುಸಿರು ಬಿಡುತ್ತಿದ್ದರೆ ದೋಷ ಸಾಮಾನ್ಯವಾಗಿ ಬೇರೆಡೆ ಇರುತ್ತದೆ: ಧೂಳು ಕಟ್ಟಿದ ಗಾಳಿಯ ಶೋಧಕ, ಸವೆದ ಇಂಜೆಕ್ಟರ್, ತಪ್ಪಿದ ಪಂಪಿನ ಸಮಯ, ಮಸಿ ತುಂಬಿದ ಸೈಲೆನ್ಸರ್. ಕಾಲುವೆಯಲ್ಲಿ ಹೂಳು ತುಂಬಿರುವಾಗ ಕೆರೆಯ ತೂಬನ್ನು ಅಗಲ ಮಾಡಿಸಿದರೆ ಗದ್ದೆಗೆ ಹೆಚ್ಚು ನೀರು ಹರಿದೀತೇ? ಹೆಡರಿಗೆ ತೆರುವ ಹಣದ ಒಂದು ಪಾಲಿನಲ್ಲಿ ಇಂಜೆಕ್ಟರುಗಳನ್ನು ಪರೀಕ್ಷೆ ಮಾಡಿಸಬಹುದು. ಅದರ ಫಲ ಎಣ್ಣೆಯ ಖರ್ಚಿನಲ್ಲಿ ಆ ತಿಂಗಳೇ ಕಾಣುತ್ತದೆ.

ಎರಕದ ಮ್ಯಾನಿಫೋಲ್ಡ್ ಒರಟಾಗಿ ಕಂಡರೂ ಅದರಲ್ಲಿ ವಿವೇಕವಿದೆ. ಅದರ ಗೋಡೆ ದಪ್ಪ. ಆದ್ದರಿಂದ ತುಕ್ಕು ಅದನ್ನು ಬೇಗ ತಿನ್ನಲಾರದು, ಸದ್ದು ಅದರಲ್ಲಿಯೇ ಅಡಗುತ್ತದೆ, ಕೆಟ್ಟ ರಸ್ತೆಯ ಅದುರುವಿಕೆಗೆ ಅದು ಜಗ್ಗುವುದಿಲ್ಲ. ಹೆಡರಿನ ಕೊಳವೆಯ ಗೋಡೆ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರಿನಷ್ಟು. ತೋಟದ ದಾರಿಯ ಹಳ್ಳದಿಣ್ಣೆಗಳಲ್ಲಿ ಅದು ಬೆಸುಗೆಯ ಪಕ್ಕದಲ್ಲಿ ಸೀಳುತ್ತದೆ. ತೆಳ್ಳನೆಯ ಚಾಚುಪಟ್ಟಿ ಕಾವಿಗೆ ಬಾಗಿ ಗ್ಯಾಸ್ಕೆಟ್ಟನ್ನು ಸುಡುತ್ತದೆ. ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಮತ್ತೂ ಒಂದು ತೊಡಕುಂಟು. ವಿಲ್ಲಿಸ್ ಜೀಪಿನ ಮೊದಲ ಎಂಜಿನ್ನಿನಲ್ಲಿ ಗಾಳಿ ಒಳಬರುವ ಮ್ಯಾನಿಫೋಲ್ಡನ್ನೂ ಹೊಗೆ ಹೊರಹೋಗುವ ಮ್ಯಾನಿಫೋಲ್ಡನ್ನೂ ಒಂದಕ್ಕೊಂದು ಬಿಗಿದಿದ್ದಾರೆ. ಹೊಗೆಯ ಕಾವಿನಿಂದ ಪೆಟ್ರೋಲು ಚೆನ್ನಾಗಿ ಆವಿಯಾಗಲೆಂಬುದೇ ಇದರ ಉದ್ದೇಶ. ಅಲ್ಲಿ ಕೊಳವೆ ಹಾಕಿದರೆ ಮಾಗಿಯ ಮುಂಜಾನೆ ಎಂಜಿನ್ನು ಕೆಮ್ಮುತ್ತ ಏಳುತ್ತದೆ.

ಇಷ್ಟೆಲ್ಲ ಹಣಕ್ಕೆ ಸೇರಿದ ಮಾತು. ಇನ್ನು ಮುಂದಿನದು ಜೀವಕ್ಕೆ ಸೇರಿದ್ದು. ಎರಕವಾಗಲಿ ಕೊಳವೆಯಾಗಲಿ, ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಸೋರಿದ ಹೊಗೆ ಚಾಲಕನ ಕಾಲಬಳಿಯ ಸಂದುಗಳಿಂದ ಕ್ಯಾಬಿನ್ನಿಗೆ ನುಗ್ಗುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ದ್ರವ್ಯವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ವಿಷ ಹೆಚ್ಚು, ಡೀಸೆಲಿನಲ್ಲಿ ಕಡಮೆ. ಇಲ್ಲವೇ ಇಲ್ಲವೆಂದು ಮಾತ್ರ ತಿಳಿಯಬಾರದು. ಸರದಿಗಾಗಿ ಕಾಯುತ್ತ, ಗಾಜು ಏರಿಸಿ, ಎಂಜಿನ್ನು ಓಡುತ್ತಿರುವಂತೆಯೇ ಕ್ಯಾಬಿನ್ನಿನಲ್ಲಿ ಕಣ್ಣು ಮುಚ್ಚುವ ಕ್ಲೀನರ್ ಹುಡುಗನನ್ನು ನೆನೆಯಿರಿ. ತಲೆನೋವು, ವಾಕರಿಕೆ, ಮಂಪರು ಇವು ಅವನಿಗೆ ಪ್ರಯಾಣದ ಆಯಾಸವೆಂದೇ ತೋರುತ್ತವೆ. ಸೋರುವ ಗಾಡಿಯಲ್ಲಿ ಯಾರನ್ನೂ ಮಲಗಗೊಡಬೇಡಿ.

ಬೆಂಕಿಯ ವಿಷಯವನ್ನೂ ಮರೆಯುವಂತಿಲ್ಲ. ನಮ್ಮ ಸೀಮೆಯ ಹೊರೆಯೇ ನಾರು, ಒಣಸಿಪ್ಪೆ, ನಾರಿನ ಧೂಳು. ಕಾರ್ಖಾನೆಯ ಅಂಗಳದಲ್ಲಿ ಹಾರುವ ಎಳೆಗಳು ಬಾನೆಟ್ಟಿನ ಒಳಗೂ ಹೋಗಿ ಕೂರುತ್ತವೆ. ಎರಕವೂ ಕಾಯುವುದು ನಿಜ. ಆದರೆ ತೆಳುಗೋಡೆಯ ಉದ್ದ ಕೊಳವೆಗಳು ಹೆಚ್ಚು ಕಾವನ್ನು ಹೊರಚೆಲ್ಲಿ ತಂತಿಗಳಿಗೂ ಎಣ್ಣೆಯ ನಾಳಗಳಿಗೂ ಹತ್ತಿರ ಹಾಯುತ್ತವೆ. ಅವುಗಳ ಮೇಲೆ ಪಟ್ಟಿ ಸುತ್ತಿದರೆ ಪಟ್ಟಿಯಲ್ಲಿ ನಿಂತ ತೇವ ಕೊಳವೆಯನ್ನು ಬೇಗ ತುಕ್ಕುಹಿಡಿಸುತ್ತದೆ.

ಹಾಗಾದರೆ ಬಿರುಕುಬಿಟ್ಟ ಮ್ಯಾನಿಫೋಲ್ಡಿಗೆ ಮಾಡತಕ್ಕದ್ದೇನು? ಮೊದಲು ಅದು ಏಕೆ ಬಿರಿಯಿತೆಂದು ಹುಡುಕಿರಿ. ಸೈಲೆನ್ಸರನ್ನು ಎತ್ತಿಹಿಡಿಯುವ ಕೊಂಡಿ ಮುರಿದು, ಅದರ ಭಾರವೆಲ್ಲ ಮ್ಯಾನಿಫೋಲ್ಡಿನ ಕತ್ತಿಗೆ ಬಿದ್ದಿರಬಹುದು. ಬೋಲ್ಟುಗಳನ್ನು ಅತಿಯಾಗಿ ಬಿಗಿದಿರಬಹುದು. ಅರುವತ್ತು ಸೆಂಟಿಮೀಟರ್ ಉದ್ದದ ಎರಕ ಐನೂರು ಡಿಗ್ರಿ ಕಾವೇರಿದಾಗ ಮೂರು ಮಿಲಿಮೀಟರಿಗೂ ಮಿಕ್ಕು ಬೆಳೆಯುತ್ತದೆ. ಅದು ಸರಿದಾಡಲೆಂದೇ ರಂಧ್ರಗಳನ್ನು ಸಡಿಲವಾಗಿ ಮಾಡಿರುತ್ತಾರೆ. ಆ ಸ್ವಾತಂತ್ರ್ಯ ಕಳೆದರೆ ಕಬ್ಬಿಣ ಸೀಳದೆ ಇನ್ನೇನು ಮಾಡೀತು?

ಬಿರುಕು ಸಣ್ಣದಾದರೆ ಬೆಸೆಯಿಸಬಹುದು. ಎರಕವನ್ನು ನಿಧಾನವಾಗಿ ಕಾಯಿಸಿ, ನಿಕಲ್ ಕಡ್ಡಿಯಿಂದ ಸ್ವಲ್ಪಸ್ವಲ್ಪವೇ ಬೆಸೆದು, ಒಣಬೂದಿಯಲ್ಲಿ ಹೂತು ತಣಿಯಲು ಬಿಡಬೇಕು. ಅವಸರದಿಂದ ನೀರೆರಚಿದರೆ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಅನಂತರ ಲೇತ್ ಅಂಗಡಿಯಲ್ಲಿ ಅದರ ಮುಖವನ್ನು ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನ ಬೋಲ್ಟಿನಿಂದ ಎರಡೂ ತುದಿಗಳ ಕಡೆಗೆ ಕ್ರಮವಾಗಿ ಬಿಗಿಯಬೇಕು. ಎಂಜಿನ್ನು ಒಮ್ಮೆ ಕಾದು ತಣಿದ ಮೇಲೆ ಬಿಗಿಯನ್ನು ಇನ್ನೊಮ್ಮೆ ನೋಡಬೇಕು. ಬಿರುಕು ದೊಡ್ಡದಾದರೆ ಹಳೆಯ ಗಾಡಿಗಳನ್ನು ಬಿಚ್ಚುವವರಲ್ಲಿ ನೆಟ್ಟಗಿರುವ ಎರಕವೊಂದನ್ನು ಹುಡುಕುವುದು ಲೇಸು.

ಹೆಡರಿಗೆ ಎಲ್ಲಿಯೂ ಸ್ಥಾನವಿಲ್ಲವೆಂದು ಹೇಳಿದರೆ ನ್ಯಾಯವಾಗದು. ಎಲ್ಲಿಯೂ ಎರಕದ ಭಾಗ ದೊರೆಯದಂಥ ಅಪರೂಪದ ಗಾಡಿಗೆ ಕೊಳವೆಯಿಂದ ಮಾಡಿಸುವುದು ಅನಿವಾರ್ಯ. ಆಗ ಮಾಡಿಸುವುದು ಪಂದ್ಯದ ಹೆಡರಾಗದಿರಲಿ, ದುಡಿಮೆಯ ಮ್ಯಾನಿಫೋಲ್ಡಾಗಲಿ: ಮೂರು ಮಿಲಿಮೀಟರ್ ಗೋಡೆಯ ಕೊಳವೆ, ಹತ್ತು ಮಿಲಿಮೀಟರಿಗೆ ಕಡಮೆಯಿಲ್ಲದ ಚಾಚುಪಟ್ಟಿ, ಬೆಸೆದ ಮೇಲೆ ಮಟ್ಟ ಮಾಡಿದ ಮುಖ, ಸೈಲೆನ್ಸರಿನ ಭಾರ ಹೊರಲು ಬೇರೆ ಆಧಾರ. ಟರ್ಬೋ ಇರುವ ಎಂಜಿನ್ನಾದರೆ ಈ ಸಾಹಸವೇ ಬೇಡ. ಅಲ್ಲಿ ಮ್ಯಾನಿಫೋಲ್ಡ್ ಟರ್ಬೋವಿನ ಭಾರವನ್ನೂ ಹೊರುತ್ತದೆ. ಟರ್ಬೋವಿಗೆ ಮುಂಚೆ ಹೊಗೆ ಸೋರಿದರೆ ಬಲವೂ ಸೋರಿತು.

ಕಾನೂನನ್ನೂ ಗಮನಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದನ್ನು ಅಡಗಿಸುವ ಸೈಲೆನ್ಸರ್ ಇರಲೇಬೇಕು. ಹಳೆಯ ಡೀಸೆಲ್ ಗಾಡಿಯ ಹೊಗೆ ಪರೀಕ್ಷೆಯಲ್ಲಿ 65 ಹಾರ್ಟ್ರಿಜ್ ಮಾನವನ್ನು ಮೀರಕೂಡದು. ಕೊಳವೆ ಹಾಕಿಸಿದ ಉತ್ಸಾಹದಲ್ಲಿ ಸೈಲೆನ್ಸರನ್ನೂ ತೆಗೆಸಿ ಊರೊಳಗೆ ಗುಡುಗುತ್ತ ಹೋಗುವವರಿದ್ದಾರೆ. ಸದ್ದು ಹೆಚ್ಚಾದದ್ದನ್ನು ಅವರು ಬಲ ಹೆಚ್ಚಾಯಿತೆಂದು ತಿಳಿಯುತ್ತಾರೆ. ಕೊಬ್ಬರಿಯ ಚೀಲಗಳು ಮಾತ್ರ ಮೊದಲಿನಷ್ಟೇ ನಿಧಾನವಾಗಿ ದಿಬ್ಬ ಏರುತ್ತಿರುತ್ತವೆ.

ಸೋರಿಕೆಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ಬೆಳಗಿನ ಹೊತ್ತು, ಎಂಜಿನ್ನು ತಣ್ಣಗಿರುವಾಗಲೇ ಹೊರಡಿಸಿ ಕಿವಿಗೊಡಿ. ಟಿಕ್ ಟಿಕ್ ಎಂಬ ಸದ್ದಿದ್ದು ಕಾವೇರಿದಂತೆ ಅದು ಮಾಯವಾದರೆ ಗ್ಯಾಸ್ಕೆಟ್ಟನ್ನೇ ಸಂಶಯಿಸಿರಿ. ಒಂದು ಮೊಳ ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಕೀಲುಗಳ ಸುತ್ತ ಆಡಿಸಿದರೆ ಜಾಗ ತಿಳಿಯುತ್ತದೆ. ಫ್ಯಾನಿನಿಂದಲೂ ಬೆಲ್ಟಿನಿಂದಲೂ ಕೈಯನ್ನು ದೂರವಿಡಿ. ಎಂಜಿನ್ನು ನಿಲ್ಲಿಸಿದ ಮೇಲೆ ಕೀಲಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆಯುಂಟೇ ನೋಡಿರಿ. ತಿಂಗಳಿಗೊಮ್ಮೆ ಕಾಲುಗಂಟೆ ಇದಕ್ಕೆ ಸಾಕು. ದುಡಿಯುವ ಹಳೆಯ ಲಾರಿಗೆ ಬೇಕಾದದ್ದು ಹೊಸ ಬಗೆಯ ಕೊಳವೆಯಲ್ಲ, ಸೋರದ ಕೀಲು. ಅದಿದ್ದರೆ ಗಾಡಿ ತನ್ನ ಹೊರೆಯನ್ನು ಮುಟ್ಟಿಸುತ್ತದೆ; ಅದರೊಳಗೆ ಕುಳಿತವರು ಕ್ಷೇಮವಾಗಿ ಮನೆ ಸೇರುತ್ತಾರೆ.